ಡಬ್ಬ್ಯಾಗಿನ ಅಂಟಿನುಂಡಿ

ತಮ್ಮಾ ಕಳಕಪ್ಪ,

ಹೊಲದಿಂದ ಊಟಕ್ಕ ಬಂದವನು ಮೊದಲು ಕೂತು ಇದನ್ನ ಓದು. ಅಲ್ಲಿಗೇ ಬಂದು ಹೇಳೋ ಧೈರ್ಯ ನನಗಾಗಲಿಲ್ಲ.

ಶುಕ್ರವಾರ ನೀ ಗದಗಿನ ರೈಲಿಗೆ ಹೋಗೋದು ಬ್ಯಾಡ. ಜಿಲಾನಿಯ ಮಗಳು ಚಾಂದಬಿ ಇವತ್ತು ನಸುಕಿನ್ಯಾಗ ತೀರಿಕೊಂಡಳು. ನಾ ಅವರ ಮನಿಗೇ ಹೊಂಟೀನಿ.

ಮಹಾಯುದ್ಧ ನಿಂತ ವರ್ಷದಿಂದ ತಿಂಗಳಿಗೊಮ್ಮೆ ಗದಗಿನ ದವಾಖಾನ್ಯಾಗ, ಮೈಯಾಗ ನೆತ್ತರ ಹುಟ್ಟದ ಆ ಕೂಸಿನ ಬಾಜೂಕ ಮಲಗಿ ನೆತ್ತರ ಕೊಟ್ಟು ಬಂದಿ. ಬಂದಾಗೊಮ್ಮೆ ನಾ ಬಾಣಂತಿಗೆ ಕೊಟ್ಟಂಗ ಅಂಟಿನುಂಡಿ ಕೊಡ್ತಿದ್ದೆ, ಓಣಿಯವರು ನಗ್ತಿದ್ರು. ನಗಲಿ. ನಿನ್ನ ಬಿಳಚಿದ ಮಾರಿ ದಿನಾ ನೋಡಾಕಿ ನಾನು.

ಒಂದು ಮಾತು ಮುಚ್ಚಿಟ್ಟೀನಿ. ಹೋದ ಸೋಮವಾರ ಜಿಲಾನಿ ನಿನ್ನ ಕರಿಯಾಕ ಬಂದಿದ್ದ. ಕೂಸು ಶುಕ್ರವಾರದ ತನಕ ತಡಿಯಾಂಗಿಲ್ಲ ಅಂದ. ನೀ ತಲಿ ತಿರಗತೈತಿ ಅಂತ ಒಳಗ ಮಲಗಿದ್ದಿ. "ತಮ್ಮ ಊರಾಗಿಲ್ಲಪಾ, ಕುಷ್ಟಗಿಗೆ ಹೋಗ್ಯಾನ" ಅಂದೆ. ಅವ ಬಾಗಲದಾಗಿನ ನಿನ್ನ ಚಪ್ಪಲಿ ನೋಡಿದ. ತಿರುಗಿ ಹೊಂಟುಹೋದ.

ಅಂಥವನು ಈಗ ಹೇಳಿ ಕಳಿಸ್ಯಾನ: "ಅಕಿ ಮೈಯಾಗ ಇದ್ದದ್ದು ಕಳಕಪ್ಪನ ನೆತ್ತರ. ಅವ ಬಂದು ಮಣ್ಣು ಕೊಡೋತನಕ ನಾವ್ಯಾರೂ ಕೊಡಾಂಗಿಲ್ಲ."

ನನ್ನ ಮ್ಯಾಲಿನ ಸಿಟ್ಟು ಸಂಜಿಗೆ ತೀರಿಸ್ಕೋ. ಇವತ್ತು ನಾ ಒಲಿ ಹಚ್ಚಿಲ್ಲ. ಡಬ್ಬ್ಯಾಗ ಎರಡು ಅಂಟಿನುಂಡಿ ಉಳದಾವ, ಬ್ಯಾಡ ಅನ್ನದ ತಿಂದು ಬಾ. ಮಣ್ಣು ಕೊಡುವಾಗ ನಿನಗ ತಲಿ ತಿರಗಬಾರದು.

ನಿನ್ನಕ್ಕ
ಶೇಖರಮ್ಮ