ಕುಂಟಿ ಬೆಕ್ಕಿನ ರಕ್ತ ಬೇರೆ ಇಡಿ

ಗಂಗೊಳ್ಳಿ ಮೇಲ್ಬಂದರು
ಫೆಬ್ರವರಿ ೩೦, ೨೧೯೪

ಕುಸುಮ ಅವರಿಗೆ,

ತಾರೀಕು ನೋಡಿ ಕಾಗದ ಹರಿದು ಹಾಕಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನೀವು ನನ್ನ ಮುತ್ತಜ್ಜಿಯ ಅಮ್ಮ. ಆದರೆ ಈ ಕಾಗದ ಕೈಸೇರುವಾಗ ನಿಮಗೆ ಇಪ್ಪತ್ತೇಳು, ನನಗೆ ಅರವತ್ತೊಂದು. ಅಜ್ಜಿ ಎನ್ನಲೋ ಮಗಳೇ ಎನ್ನಲೋ ತಿಳಿಯದೆ ಹೆಸರು ಹಿಡಿದು ಬರೆಯುತ್ತಿದ್ದೇನೆ. ಮಾತು ವಿಚಿತ್ರ ಕಂಡರೆ ಕ್ಷಮಿಸಿ. ಇದು ನನ್ನ ಮೂರನೇ ಕಾಗದ. ಮೊದಲಿನ ಎರಡನ್ನು ಯಾರದೋ ತಮಾಷೆಯೆಂದು ಎಸೆದಿರಬೇಕು. ತಪ್ಪು ನನ್ನದೇ, ದೊಡ್ಡ ದೊಡ್ಡ ಶಬ್ದ ತುಂಬಿಸಿದ್ದೆ. ಈ ಸಲ ನೇರ ಹೇಳುತ್ತೇನೆ. ನನ್ನ ತಂಗಿ ಜಲಜ ಸಾಯುತ್ತಿದ್ದಾಳೆ. ಅವಳನ್ನು ಉಳಿಸುವುದು ನಿಮ್ಮ ಕೈಯಲ್ಲಿದೆ.

ಬಂದರಿನ ಬೀದಿಬೆಕ್ಕುಗಳ ರಕ್ತ ತೆಗೆದು, ಅದರಲ್ಲಿರುವ ಬ್ಯಾಕ್ಟೀರಿಯಾ ಹುಡುಕುವುದು ನಿಮ್ಮ ಕೆಲಸ. ನಿಮ್ಮ ಕಾಲದಲ್ಲಿ ಬೆಕ್ಕು ಪರಚಿದರೆ ಕಂಕುಳಲ್ಲಿ ಗಂಟು ಏಳುತ್ತದೆ, ನಾಲ್ಕು ದಿನ ಜ್ವರ ಬರುತ್ತದೆ, ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ನಮಗೆ ಹಾಗಲ್ಲ. ಚಿಗಟಗಳ ಮೂಲಕ ಬೆಕ್ಕಿಂದ ಬೆಕ್ಕಿಗೆ ದಾಟಿ ದಾಟಿ ಆ ಬ್ಯಾಕ್ಟೀರಿಯಾ ಎಷ್ಟು ತಳಿಯಾಗಿ ಒಡೆದಿದೆ ಎಂದರೆ ನಿಮ್ಮ ಕಾಲದ ಮಾತ್ರೆ ಒಂದೂ ನಾಟುವುದಿಲ್ಲ. ನಾವದನ್ನು ಪರಚುಜ್ವರ ಎನ್ನುತ್ತೇವೆ. ಮೀನು ಕೊಯ್ಯುವ ಹೆಂಗಸರು ಮೊಣಕೈವರೆಗೆ ದಪ್ಪ ಕೈಗವಸು ತೊಡುತ್ತಾರೆ. ಮನೆಗೆ ಬಂದವರು ನಮಸ್ಕಾರಕ್ಕೂ ಮೊದಲು ಎರಡೂ ಮುಂಗೈ ತಿರುಗಿಸಿ ತೋರಿಸಬೇಕು. ಪರಚಿದ ಗೆರೆ ಕಂಡರೆ ಒಳಗೆ ಬಿಡುವುದಿಲ್ಲ, ಅದು ಸ್ವಂತ ಅಳಿಯನೇ ಆಗಿರಲಿ. ಬೆಕ್ಕುಗಳು ಮಾತ್ರ ಇವತ್ತಿಗೂ ಏನೂ ಆಗದವರ ಹಾಗೆ ಮೀನಿನ ಬುಟ್ಟಿಯ ಪಕ್ಕ ಕೂತು ಮುಖ ಒರೆಸಿಕೊಳ್ಳುತ್ತವೆ.

ಜಲಜ ಗುಟ್ಟಾಗಿ ಒಂದು ಬೆಕ್ಕಿನ ಮರಿಗೆ ಬೂತಾಯಿ ಮೀನಿನ ತಲೆ ಹಾಕುತ್ತಿದ್ದಳಂತೆ. ಪರಚಿದ ಮೇಲೆ ಒಂಬತ್ತು ದಿನ ಉದ್ದ ತೋಳಿನ ರವಿಕೆ ತೊಟ್ಟು ಮುಚ್ಚಿಟ್ಟಳು. ಮನೆಯವಳೆಂದು ನಾನೂ ಅವಳ ಮುಂಗೈ ನೋಡಲಿಲ್ಲ. ಅಯ್ಯೋ, ಒಂದು ಸಲ ನೋಡಿದ್ದರೆ! ಈಗ ಅವಳಿಗೆ ನನ್ನ ಗುರುತು ಹತ್ತುವುದಿಲ್ಲ. ನನ್ನನ್ನು ಅಮ್ಮ ಎಂದು ಕರೆದು ಬೆಕ್ಕಿಗೆ ಹೊಡೆಯಬೇಡ ಎನ್ನುತ್ತಾಳೆ. ಅವಳ ಕೋಣೆಗೆ ಹೋಗಲು ನನಗೆ ಹೆದರಿಕೆ. ಅಕ್ಕನಾಗಿ ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ನಮ್ಮಲ್ಲಿ ಉಳಿದಿರುವುದು ತಿನಿಮದ್ದು ಒಂದೇ. ಅದು ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಾಣು. ಒಂದು ತಳಿಯ ತಿನಿಮದ್ದು ಇನ್ನೊಂದು ತಳಿಯನ್ನು ಮೂಸಿಯೂ ನೋಡುವುದಿಲ್ಲ. ಅದನ್ನು ಸಾಕಲು ಆ ತಳಿಯ ಮೂಲ ಜೀವಂತ ಬೇಕು, ಜಲಜಳ ರಕ್ತದಲ್ಲಿರುವುದು ಹೊರಗೆ ಬೆಳೆಯುವುದೇ ಇಲ್ಲ. ವೈದ್ಯರು ಹುಡುಕುತ್ತ ಹುಡುಕುತ್ತ ಬಂದು ನಿಂತದ್ದು ಇಂದಿಗೂ ಕಾಪಾಡಿಟ್ಟಿರುವ ನಿಮ್ಮ ಶೀತಪೆಟ್ಟಿಗೆಯ ಮುಂದೆ. ಅದರಲ್ಲಿರುವ ಕೊಳವೆಯಲ್ಲಿ ಅವಳ ತಳಿಯ ಮೂಲದ ಚೂರುಗಳು ಸಿಕ್ಕವು. ಚೂರು ಮಾತ್ರ, ಜೀವ ಇಲ್ಲ. ಯಾಕೆಂದರೆ ನೀವು ಹನ್ನೊಂದು ಬೆಕ್ಕಿನ ರಕ್ತವನ್ನು ಒಂದೇ ಕೊಳವೆಗೆ ಸುರಿದು ಬೆಳೆಸಿದಿರಿ. ನಿಮಗದು ಇನ್ನು ಆಗಬೇಕಾದ ಮಾತು, ನಮಗೆ ಆಗಿಹೋದದ್ದು. ಜೋರಿನ ತಳಿ ಉಳಿದವನ್ನೆಲ್ಲ ಮುಗಿಸಿಬಿಟ್ಟಿತು.

ನಿಮ್ಮ ನೋಟ್‌ಬುಕ್ ನನ್ನ ತೊಡೆಯ ಮೇಲಿದೆ. ‘ಒಂದೇ ಬಂದರು, ಒಂದೇ ಮೀನು, ರೋಗಾಣುವೂ ಒಂದೇ ಇದ್ದೀತು’ ಎಂದು ಬರೆದಿದ್ದೀರಿ. ಇರಲಿಲ್ಲ ಕುಸುಮ, ಏಳು ತಳಿ ಇದ್ದವು! ಪ್ರತಿ ಬೆಕ್ಕಿಗೂ ಹೆಸರಿಟ್ಟು ಚಿತ್ರ ಬರೆದಿದ್ದೀರಿ. ಏನು ಮಾರಾಯ್ತಿ, ಬಾಲದ ಪಟ್ಟೆ ಎಣಿಸಲು ಪುರುಸೊತ್ತಿತ್ತು, ಹನ್ನೊಂದು ಕೊಳವೆಗೆ ಚೀಟಿ ಅಂಟಿಸಲು ಇರಲಿಲ್ಲವೇ? ಬೈದದ್ದಕ್ಕೆ ಕ್ಷಮಿಸಿ. ಹೆದರಿದಾಗ ನನ್ನ ಬಾಯಿ ಹೀಗೆಯೇ.

ನಂಬಿಕೆ ಬರಲೆಂದು ನಿಮ್ಮ ನಾಳೆಯ ಪುಟವನ್ನು ಓದಿ ಹೇಳುತ್ತೇನೆ. ಬೆಳಿಗ್ಗೆ ಮೊದಲು ಸಿಗುವುದು ಕಿವಿ ಹರಿದ ಬಿಳಿ ಗಂಡು, ಅದಕ್ಕೆ ನೀವು ‘ಪಟೇಲ’ ಎಂದು ಹೆಸರಿಡುತ್ತೀರಿ. ಕೊನೆಗೆ, ಬಲೆ ಒಣಹಾಕುವ ಚಪ್ಪರದ ಕೆಳಗೆ, ಹಿಂಗಾಲು ಎಳೆಯುವ ಕಂದು ಹೆಣ್ಣು. ಅದು ನಿಮ್ಮ ಎಡಗೈ ಪರಚುತ್ತದೆ. ಹೆದರಬೇಡಿ, ನಿಮಗೆ ಏನೂ ಆಗುವುದಿಲ್ಲ. ಜಲಜಳನ್ನು ಕೊಲ್ಲುತ್ತಿರುವ ತಳಿ ಆ ಕುಂಟಿಯದು ಎಂದು ವೈದ್ಯರು ಹೇಳುತ್ತಾರೆ. ಎಲ್ಲವನ್ನೂ ಬೇರೆ ಬೇರೆ ಇಟ್ಟರೆ ಪುಣ್ಯ ಬರುತ್ತದೆ. ಆಗದಿದ್ದರೆ ಅದೊಂದನ್ನಾದರೂ ಬೇರೆ ಕೊಳವೆಯಲ್ಲಿ ಬೆಳೆಸಿಡಿ.

ಈ ಕಾಗದ ಹೋಗುವುದು ಹಿಂದಂಚೆಯಲ್ಲಿ. ಕಾಲದ ಹಿಂದಕ್ಕೆ ಕಾಗದ ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಕೊಳವೆಯನ್ನೂ ನಾನೇ ಕಳಿಸುತ್ತಿದ್ದೆ. ಹಿಂದಿನ ಎರಡು ಸಲವೂ ಕಳಿಸಿದ ಕೂಡಲೇ ಓಡಿಹೋಗಿ ನಿಮ್ಮ ಶೀತಪೆಟ್ಟಿಗೆ ತೆರೆದೆ. ಎರಡು ಸಲವೂ ಒಂದೇ ಕೊಳವೆ ಇತ್ತು. ಇವತ್ತು ವೈದ್ಯರು ಜಲಜಳ ನಾಳೆಯ ಮಾತೇ ಆಡಲಿಲ್ಲ. ಈಗ ಅಂಚೆಗೆ ಹಾಕಿ ಮತ್ತೆ ಹೋಗುತ್ತೇನೆ. ಮುಚ್ಚಳದ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ನಿಮ್ಮ ಹೆಸರು ಹೇಳಿ ತೆರೆಯುತ್ತೇನೆ.

ಎರಡು ಕೊಳವೆ ಇರಲಿ, ಮಗಳೇ.

ಇಂತಿ ನಿಮ್ಮ ಮೂಕಾಂಬು