ಬುಧವಾರ ಅಂಬಾಸಿಡರ್ ತರುತ್ತೇನೆ

ರಟ್ಟೀಹಳ್ಳಿ
ಭಾನುವಾರ, ೧೬ ನವೆಂಬರ್ ೨೦೨೫

ಸವಣೂರಿನ ಹಯಾತಣ್ಣನವರಿಗೆ, ನಿಮ್ಮ ಮೇಲೆ ಸಿಟ್ಟಿಗೆದ್ದಿರುವ ಸರೋಜವ್ವನ ನಮಸ್ಕಾರಗಳು.

ಮೊದಲು ಕ್ಷೇಮ ಕೇಳಬೇಕು, ಅದು ಪದ್ಧತಿ. ಆದರೆ ನಿಮ್ಮ ಕ್ಷೇಮ ನನಗೆ ನಿನ್ನೆಯೇ ತಿಳಿದಿದೆ. ಗಂಡನ ಕೈಲಿ ಸಾಕಾಗಿ ಖತೀಜಾಬಿ ಫೋನ್ ಮಾಡಿ ಅತ್ತಳು. ಆಸ್ಪತ್ರೆಯ ಫೈಲನ್ನು ಜೋಳದ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೀರಂತೆ. ಗುರುವಾರದ ಆಪರೇಷನ್ನಿಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದೀರಂತೆ. ನಾನು ಫೋನ್ ಮಾಡಿದರೆ ಊರಲ್ಲಿಲ್ಲ, ಶಿಗ್ಗಾಂವಿಗೆ ಹೋಗಿದ್ದಾರೆ ಎಂದು ಹೇಳಿಸಿದಿರಿ. ಹಿಂದುಗಡೆ ನಿಮ್ಮ ಕೆಮ್ಮು ನನಗೆ ಚೆನ್ನಾಗಿ ಕೇಳುತ್ತಿತ್ತು. ಮೂವತ್ತೆರಡು ವರ್ಷ ಶಾಲೆಯಲ್ಲಿ ಮಕ್ಕಳ ಸುಳ್ಳು ಕೇಳಿದವಳು ನಾನು, ನಿಮ್ಮದು ಮೂರನೇ ಇಯತ್ತೆಯ ಸುಳ್ಳು.

ಅದಕ್ಕೇ ಈ ಪತ್ರ. ಫೋನ್ ಆದರೆ ಕಟ್ ಮಾಡುತ್ತೀರಿ, ಇದನ್ನು ಕಟ್ ಮಾಡಲು ಬರುವುದಿಲ್ಲ. ಕನ್ನಡ ಮಾತು ನಿಮಗೆ ನೀರು ಕುಡಿದಂತೆ, ಓದಲು ಬರುವುದು ಮಾತ್ರ ಉರ್ದು. ಹಾಗಾಗಿ ಖತೀಜಾಬಿ ಗಟ್ಟಿಯಾಗಿ ಓದುತ್ತಾಳೆ, ನೀವು ನಡುವೆ ಎದ್ದು ಹೋಗದೆ ಕೇಳಬೇಕು. ನಮ್ಮ ಹಾನಗಲ್ಲಿನ ರವಿಕುಮಾರ ಇವತ್ತು ತನ್ನ ಹಳೇ ಜೀಪು ತೆಗೆದುಕೊಂಡು ಇಲ್ಲಿಗೆ ಊಟಕ್ಕೆ ಬಂದಿದ್ದಾನೆ. ನಾಳೆ ಬೆಳಿಗ್ಗೆ ಅವನೇ ಇದನ್ನು ನಿಮ್ಮ ಮನೆಗೆ ತಲುಪಿಸುತ್ತಾನೆ.

ಎರಡು ವರ್ಷದ ಹಿಂದೆ ನನ್ನ ಎದೆಯಲ್ಲಿ ಗಂಟು ಸಿಕ್ಕಾಗ ನಾನೂ ಹೀಗೇ ಹಟ ಹಿಡಿದಿದ್ದೆ. ನಮ್ಮವರು, ಮಹಾಲಿಂಗಪ್ಪನವರು, ತೀರಿಕೊಂಡ ಮೇಲೆ ಬದುಕಿ ಏನು ಮಾಡುವುದಿದೆ ಎಂದು ಕೂತಿದ್ದೆ. ಅದಕ್ಕೂ ಮೊದಲು ಅವರ ಅಂಬಾಸಿಡರನ್ನು ಮಾರಲು ಹೊರಟವಳನ್ನು ತಡೆದು, "ಮಾರಬ್ಯಾಡ್ರಿ ಅಕ್ಕಾರ, ಹೊಡಿಯೋದು ಕಲೀರಿ" ಎಂದು ಮಾಸೂರಿನ ಕೆರೆ ದಾರಿಯಲ್ಲಿ ನನಗೆ ಐವತ್ತೇಳನೇ ವಯಸ್ಸಿನಲ್ಲಿ ಸ್ಟೇರಿಂಗ್ ಹಿಡಿಸಿದವರು ನೀವು. ಜಡ್ಡು ಬಂದಾಗಲೂ ನೀವೇ ಬಂದಿರಿ. ಎಂಟು ಕೀಮೋ. ಎಂಟು ಸಲವೂ ಸವಣೂರಿನಿಂದ ನಿಮ್ಮ ಫಿಯಾಟ್ ತಂದು, ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಹುಬ್ಬಳ್ಳಿಗೆ ಒಯ್ದು ಸಂಜೆಗೆ ಮನೆ ಮುಟ್ಟಿಸಿದಿರಿ. ಜಡ್ಡಾದವರು ತಮ್ಮ ಗಾಡಿ ತಾವು ಹೊಡೆಯಬಾರದು, ನಮ್ಮ ಹಳೇ ಗಾಡಿಯವರ ಗುಂಪಿನ ಇನ್ನೊಬ್ಬರ ಗಾಡಿಯಲ್ಲಿ ಹೋಗಬೇಕು ಎಂಬ ನಿಯಮ ಮಾಡಿದವರೂ ನೀವೇ. ನಾನು ಅತ್ತರೆ ಕನ್ನಡಿಯಲ್ಲಿ ನೋಡಿ, "ಅಕ್ಕಾರ, ಜಡ್ಡಿನ ಮಾತು ಡಾಕ್ಟರ್ ಮುಂದ ಆಡ್ರಿ. ಗಾಡ್ಯಾಗ ಕುಂತ ಮ್ಯಾಲೆ ಗಾಡೀ ಮಾತಷ್ಟ" ಎನ್ನುತ್ತಿದ್ದಿರಿ. ವಾಂತಿ ಬರುವ ಹೊತ್ತಿಗೆ ಸರಿಯಾಗಿ ಕ್ಲಚ್ ಪ್ಲೇಟಿನ ಕಥೆ ತೆಗೆಯುತ್ತಿದ್ದಿರಿ. ನಿಮ್ಮ ಕ್ಲಚ್ ಪ್ಲೇಟು ಕೇಳಿ ಕೇಳಿಯೇ ನಾನು ಬದುಕಿದೆ ಅನಿಸುತ್ತದೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಗಂಟಲಿನ ಪೆಟ್ಟಿಗೆ ತೆಗೆದರೆ ದನಿ ಹೋಗುತ್ತದೆ, ನಿಜ. "ದನಿ ಹೋದ ಮ್ಯಾಲೆ ಗ್ಯಾರೇಜಿನ್ಯಾಗ ಕುಂತು ಏನ್ ಮಾಡ್ಲಿ, ನೊಣ ಹೊಡೀಲ್ಯಾ?" ಎಂದು ಖತೀಜಾಬಿಯನ್ನು ಕೇಳಿದಿರಂತೆ. ಹಯಾತಣ್ಣ, ಇಷ್ಟು ವರ್ಷದಲ್ಲಿ ನೀವು ಒಂದೇ ಒಂದು ಗಾಡಿಯನ್ನಾದರೂ ಬಾಯಿಂದ ರಿಪೇರಿ ಮಾಡಿದ್ದೀರಾ? ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಹಚ್ಚಿ, ಹಿಡಿಕೆ ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿ, ಇಂಥ ವಾಲ್ವಿನದೇ ತಕರಾರು ಎಂದು ಬೆರಳು ಮಾಡುತ್ತೀರಿ. ಡಾಕ್ಟರು ನಿಮ್ಮ ಕಿವಿ ಕೇಳಿಲ್ಲ, ಕೈ ಕೇಳಿಲ್ಲ. ಬಾಯಿಂದ ನೀವು ಮಾಡಿದ ಗ್ಯಾರೇಜಿನ ಕೆಲಸ ಎಂದರೆ ಪೈಪು ಇಟ್ಟು ಪೆಟ್ರೋಲ್ ಎಳೆದದ್ದು ಒಂದೇ.

ಆ ಪೆಟ್ರೋಲಿನ ಮಾತು ಬಂತಲ್ಲ, ಅದನ್ನು ಬರೆಯಲೆಂದೇ ಬೆಳಗಿನಿಂದ ಮೂರು ಹಾಳೆ ಹರಿದಿದ್ದೇನೆ.

ಆಷಾಢದಲ್ಲಿ ನನ್ನ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಸೇರಿತ್ತು. ಹಳೇ ಪೆಟ್ರೋಲ್ ತೆಗೆಯುವಾಗ ನಿಮಗೆ ಒಂದು ಗುಟುಕು ಗಂಟಲಿಗೆ ಇಳಿಯಿತು. ಅದಾದ ಮೇಲೆ ದನಿ ಒಡೆಯಿತು. ನಾವೆಲ್ಲ ಪೆಟ್ರೋಲಿನದೇ ತಾಪ ಎಂದೆವು. ಹಳೇ ಗಾಡಿಯವರಿಗೆ ಇದು ಹೊಸದಲ್ಲವಲ್ಲ, ಎರಡು ದಿನ ಗಂಟಲು ಉರಿದು ಸರಿಹೋಗುತ್ತದೆ. ನಾನು ಅರಿಸಿನದ ಹಾಲು ಹೇಳಿದೆ, ಬೆಲ್ಲ ಮೆಣಸು ಹೇಳಿದೆ, ನಿಮ್ಮ ಹಾರ್ನಿಗೆ ತುಕ್ಕು ಹಿಡಿದಿದೆ ಎಂದು ನಕ್ಕೆ. ಎರಡು ದಿನ ಹೋಗಿ ಎರಡು ತಿಂಗಳಾಯಿತು. ಹುಬ್ಬಳ್ಳಿ ಆಸ್ಪತ್ರೆಯ ಗೋಡೆಯ ಮೇಲೆ, ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ತೋರಿಸಿರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನನ್ನ ಪಾಳಿ ಬರುವ ತನಕ ಹೊತ್ತು ಹೋಗದೆ ಅದನ್ನು ನಿಮಗೇ ಗಟ್ಟಿಯಾಗಿ ಓದಿ ಹೇಳಿದವಳು ನಾನು. ಅದೇ ನಾನು ಅದನ್ನು ಮರೆತೆ.

ಮರೆತೆ ಎಂದು ಬರೆದದ್ದೂ ಪೂರಾ ನಿಜವಲ್ಲ. ಶ್ರಾವಣದಲ್ಲಿ ಮಾಸೂರಿಗೆ ಟ್ರಯಲ್ ಹೋದಾಗ ನೀವು ಕೆರೆಯ ಏರಿಯ ಮೇಲೆ ಕೆಮ್ಮಿದಿರಿ. ಬಾಯಿಗೆ ಹಿಡಿದ ದಸ್ತಿಯಲ್ಲಿ ಕೆಂಪು ಕಂಡಿತು. "ಎಲಿ ಅಡಿಕಿ ಕೆಂಪ್ರಿ ಅದು" ಎಂದು ಮಡಚಿ ಕಿಸೆಗೆ ಹಾಕಿಕೊಂಡಿರಿ. ಅವತ್ತು ಬೆಳಗಿನಿಂದ ನೀವು ಎಲೆ ಹಾಕಿರಲಿಲ್ಲ. ನನಗೆ ಅದು ಗೊತ್ತಿತ್ತು. ಮುಂದಿನ ವಾರ ನೀವಾಗಿಯೇ, ಒಮ್ಮೆ ಡಾಕ್ಟರ ಕಡೆ ಹೋಗಿ ಬರುತ್ತೇನೆ ಎಂದಿರಿ. ಆಗ ನಾನು ಏನಂದೆ? "ಹುಬ್ಬಳ್ಳಿ ಹಳೇ ಗಾಡಿ ಪ್ರದರ್ಶನ ಮುಗೀಲಿ ತಡೀರಿ, ಆಮ್ಯಾಲ ನಾನ ಕರ್ಕೊಂಡು ಹೋಗ್ತೇನಿ." ನನ್ನ ಕಾರ್ಬೊರೇಟರಿಗೆ ನಿಮ್ಮ ಕೈಯೇ ಬೇಕಿತ್ತು. ಪ್ರದರ್ಶನಕ್ಕೆ ಇನ್ನೂ ಐದು ವಾರವಿತ್ತು. ಐದು ವಾರ ನೀವು ಕೆಮ್ಮುತ್ತ ನನ್ನ ಗಾಡಿಯ ಕೆಳಗೆ ಮಲಗಿದಿರಿ, ನಾನು ಚಹಾ ಕೊಡುತ್ತ ನಿಂತೆ.

ಖತೀಜಾ, ಓದುತ್ತಿರುವವಳು ನೀನು, ಇದನ್ನು ನಿನಗೂ ಹೇಳಬೇಕು. ಆ ದಿನಗಳಲ್ಲಿ ನೀನು ಫೋನ್ ಮಾಡಿ, "ಅಕ್ಕಾರ, ಅವರು ಕೆಮ್ಮಿದಾಗ ರಕ್ತ ಬಿದ್ದದ್ದು ನೀವೇನರ ನೋಡೀರೇನ್ರಿ?" ಎಂದು ಕೇಳಿದೆ. ಇಲ್ಲ ಎಂದೆ. ಗಾಡಿಗೆ ಮೊದಲ ಬಹುಮಾನ ಬಂತು. ಆ ಕಪ್ಪನ್ನು ನೋಡಲಾಗದೆ ಕಪಾಟಿನಲ್ಲಿ ಸೀರೆಗಳ ಕೆಳಗೆ ಹಾಕಿದ್ದೇನೆ.

ಕ್ಷಮೆ ಕೇಳುವ ಮುಖ ನನಗಿಲ್ಲ. ನೀವು ನನ್ನನ್ನು ಬೈಯಬೇಕು ಹಯಾತಣ್ಣ, ಆಪರೇಷನ್ ಆದ ಮೇಲೆ ಉರ್ದುವಿನಲ್ಲಿ ಬರೆದು ಬೈಯಿರಿ, ನಾನು ಉರ್ದು ಕಲಿತು ಓದುತ್ತೇನೆ. ಆದರೆ ನನ್ನ ಮೇಲಿನ ಸಿಟ್ಟಿಗೋ, ದನಿಯ ಮೇಲಿನ ಆಸೆಗೋ ಗುರುವಾರವನ್ನು ತಪ್ಪಿಸಬೇಡಿ. ಈಗಾಗಲೇ ಐದು ವಾರ ನಾನು ತಿಂದಿದ್ದೇನೆ. ಇನ್ನೊಂದು ದಿನವೂ ಹೋಗಲು ಬಿಡಲಾರೆ.

ಡಾಕ್ಟರರನ್ನು ನಾನೇ ಕೇಳಿದ್ದೇನೆ. ಆಪರೇಷನ್ ಒಂದು ಆಗಿಬಿಟ್ಟರೆ ಪೂರಾ ಗುಣ, ಸಂಶಯವೇ ಬೇಡ ಎಂದು ಖಡಾಖಂಡಿತ ಹೇಳಿದ್ದಾರೆ. ಆಮೇಲೆ ಮಾತನಾಡಲು ಬೇರೆ ಉಪಾಯಗಳೂ ಇವೆಯಂತೆ, ಅದನ್ನು ಕಲಿಸುವವರೂ ಅಲ್ಲೇ ಇದ್ದಾರಂತೆ. ಯುಗಾದಿಗೆ ನೀವು ನನ್ನ ಗಾಡಿಯ ಬಾನೆಟ್ಟಿನೊಳಗೆ ತಲೆ ಹಾಕಿರುತ್ತೀರಿ. ಇದನ್ನು ನಂಬಿ.

ಬುಧವಾರ ಆಸ್ಪತ್ರೆಗೆ ಸೇರಿಕೊಳ್ಳಬೇಕು. ನಿಮ್ಮ ನಿಯಮದ ಪ್ರಕಾರ ಈ ಸಲ ಪಾಳಿ ನನ್ನದು. ಆರು ಗಂಟೆಗೆ ಇಲ್ಲಿಂದ ಅಂಬಾಸಿಡರ್ ಬಿಡುತ್ತೇನೆ, ಹಾವೇರಿಯಲ್ಲಿ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿ, ಹತ್ತರೊಳಗೆ ನಿಮ್ಮ ಮನೆ ಮುಂದೆ ಇರುತ್ತೇನೆ. ನಾನು ಒಬ್ಬಳೇ ಇಷ್ಟು ದೂರ ಹೊಡೆದಿಲ್ಲ. ರವಿಕುಮಾರ ಜೀಪಿನಲ್ಲಿ ಬೆನ್ನ ಹಿಂದೆ ಬರುತ್ತಾನೆ, ಕೆಟ್ಟರೆ ಕಟ್ಟಿಕೊಂಡು ಎಳೆಯಲು ಹಗ್ಗವನ್ನೂ ಇಟ್ಟುಕೊಂಡಿದ್ದಾನೆ. ನೀವು ಹಿಂದಿನ ಸೀಟಿನಲ್ಲಿ ಮಲಗಬೇಕು. ಗೇರ್ ಬದಲಿಸುವಾಗ ನಾನು ತಪ್ಪಿದರೆ ಹಲ್ಲು ಕಡಿಯಬಾರದು. ಜಡ್ಡಿನ ಮಾತು ಒಂದೂ ಆಡುವುದಿಲ್ಲ, ಕ್ಲಚ್ ಪ್ಲೇಟಿನ ಕಥೆಯನ್ನು ಈ ಸಲ ನಾನು ಹೇಳುತ್ತೇನೆ.

ಫೈಲನ್ನು ಡಬ್ಬಿಯ ಹಿಂದಿನಿಂದ ತೆಗೆದು ಬಾಗಿಲ ಹತ್ತಿರ ಇಡಿ.

ನಿಮ್ಮಿಂದ ಗಾಡಿ ಕಲಿತ, ನಿಮ್ಮ ಅಕ್ಕಾರು,
ಸರೋಜವ್ವ

ತಾ.ಕ. (ಹಾಳೆಯ ಹಿಂಬದಿ)

ಖತೀಜಾ, ಹಿಂಬದಿಯದನ್ನು ಮನಸ್ಸಿನಲ್ಲೇ ಓದಿಕೋ ಎಂದು ರವಿಕುಮಾರನ ಕೈಲಿ ಹೇಳಿ ಕಳಿಸಿದ್ದೇನೆ. ತಂಗೀ, ಮುಖ ಗಟ್ಟಿ ಮಾಡಿಕೋ, ಅವರು ನಿನ್ನನ್ನೇ ನೋಡುತ್ತಿರುತ್ತಾರೆ. ಪೂರಾ ಗುಣ ಎಂದು ಡಾಕ್ಟರು ಹೇಳಿಲ್ಲ. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ತೋರಿಸಿದ ದಿನ ಹಯಾತಣ್ಣ ರಕ್ತ ಪರೀಕ್ಷೆಗೆ ಒಳಗೆ ಹೋದಾಗ ನನ್ನೊಬ್ಬಳಿಗೆ ಹೇಳಿದರು: ಕತ್ತಿನ ಗಂಟುಗಳಿಗೂ ಹಬ್ಬಿದೆ, ಆಪರೇಷನ್ ಮಾಡಿದರೆ ಅರ್ಧ ಆಸೆ, ಮಾಡದಿದ್ದರೆ ಯುಗಾದಿ ಕಾಣುವುದು ಕಷ್ಟ. ಎರಡು ತಿಂಗಳ ಹಿಂದೆ ಬಂದಿದ್ದರೆ ಬೇರೆ ಮಾತಿತ್ತು ಎಂದೂ ಅಂದರು. ಮೊದಲು ನಿನಗೆ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಅರ್ಧ ಆಸೆ ಎಂದರೆ ಅವರು ಮನೆ ಬಿಟ್ಟು ಏಳುವುದಿಲ್ಲ, ಅದಕ್ಕೇ ಪೂರಾ ಎಂದು ಬರೆದೆ. ನಿನಗೆ ಒಮ್ಮೆ ಸುಳ್ಳು ಹೇಳಿದವಳು ಈಗ ನಿನ್ನ ಬಾಯಿಂದಲೇ ಸುಳ್ಳು ಓದಿಸಿದ್ದೇನೆ. ಬೇಡ ಅನಿಸಿದರೆ ನಿಜ ಹೇಳಿಬಿಡು, ಗಂಡ ನಿನ್ನವನು. ಹೇಳುವುದಿಲ್ಲ ಎಂದಾದರೆ, ಹಿಂದ ಏನ್ ಬರ್ದಾರ ಎಂದು ಅವರು ಕೇಳಿದಾಗ, "ಅಕ್ಕಾರು ಎಲ್ಲಾರಿಗೂ ಸಲಾಮ್ ಹೇಳ್ಯಾರ, ಅಷ್ಟ" ಅನ್ನು.