ಹೊತ್ತು ಒಪ್ಪಿಸುವ ಮನೆಯಿಂದ

ಗುಳೇದಗುಡ್ಡ
ಖರನಾಮ ಸಂವತ್ಸರ, ಇಸವಿ ೨೧೯೧
ಹದಿಮೂರನೆಯದಾಗಿ ಸೇರಿದ ಉರಿಮಾಸದ ನಾಲ್ಕನೇ ದಿನ

ಕೆಲಸಗಾರರನ್ನು ಹತ್ತು ದೇಶಗಳಲ್ಲಿ ಕೂರಿಸಿ ಒಂದೇ ಕೆಲಸ ಮಾಡಿಸುವುದನ್ನು ಮೊದಲು ಕಲಿತ ಕಾಲದವರಿಗೆ,

ನಾನು ಶಿವಗಂಗವ್ವ ಸಂಗಪ್ಪ ಕೆಲೂಡಿ. ಗುಳೇದಗುಡ್ಡದ ಹೊಲಿಗೆಮನೆಯ ಐದನೇ ಹಿರಿಯಳು. ಓದಿದ್ದು ಹತ್ತನೇ ಇಯತ್ತೆ. ಅದಕ್ಕಿಂತ ಹೆಚ್ಚು ಓದಿದವರು ನನ್ನ ಮುಂದೆ ನಿಂತೇ ಮಾತಾಡುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ, ಬರೆದವರು ಯಾರೆಂದು ತಿಳಿಯದೆ ಯಾರ ಪತ್ರವನ್ನೂ ಓದಬಾರದು.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಮೇಲಿನ ತಾರೀಖನ್ನೇ ನೋಡಿ. ನಿಮಗೆ ವರ್ಷಕ್ಕೆ ಹನ್ನೆರಡು ತಿಂಗಳು ಸಾಕಾಗಿದ್ದವು. ವೈಶಾಖ ಮುಗಿದರೂ ಜ್ಯೇಷ್ಠ ಬಾರದಂಥ ಬಿಸಿಲು ಶುರುವಾದಾಗ ನಮ್ಮ ಅಜ್ಜಿಯರು ನಡುವೆ ಉರಿಮಾಸ ಸೇರಿಸಿದರು. ಆ ತಿಂಗಳಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಗೋಡೆ ಕಟ್ಟುವುದಿಲ್ಲ, ಹೊಸ ಜಗಳ ತೆಗೆಯುವುದಿಲ್ಲ. ಒಳಗೆ ಕೂತು ಬಾಕಿ ಉಳಿದ ಮಾತು ಬರೆಯುತ್ತೇವೆ. ನಿಮಗೆ ಬರೆಯಬೇಕಾದದ್ದು ಹೀಗೆ ಬಾಕಿ ಉಳಿದಿತ್ತು. ನಿಮ್ಮ ಕಾಲದ ಒಂದು ಕಂಪನಿಯ ಪ್ರಕಟಣೆಯನ್ನು ನನ್ನ ಸೊಸೆ ದಾನಮ್ಮ ಎಲ್ಲಿಂದಲೋ ಹುಡುಕಿ ಓದಿ ಹೇಳಿದಳು. ಇನ್ನು ಮುಂದೆ ಎಲ್ಲ ದೇಶಗಳ ನೌಕರರ ಹೊತ್ತು ತಾನಾಗಿಯೇ ದಾಖಲಾಗುತ್ತದೆ, ಯಾರೂ ಏನನ್ನೂ ಹೇಳುವ ಅಗತ್ಯವಿಲ್ಲ ಎಂದು ಅದರಲ್ಲಿತ್ತು. ಆ ಕೊನೆಯ ಮಾತಿಗಾಗಿ ಈ ಪತ್ರ.

ಮೊದಲು ನಮ್ಮ ಕೆಲಸ ಹೇಳುತ್ತೇನೆ. ಈಗ ದೊಡ್ಡ ಊರುಗಳ ಮೇಲೆಲ್ಲ ನೆರಳುಬಟ್ಟೆ ಇದೆ. ಓಣಿಗಳನ್ನೂ ಅಂಗಳಗಳನ್ನೂ ಮುಚ್ಚುವಷ್ಟು ಅಗಲವಾದ ಬಟ್ಟೆಯನ್ನು ಕಂಬಗಳ ಮೇಲೆ ಎಳೆದು ಕಟ್ಟಿರುತ್ತಾರೆ. ಅದಿಲ್ಲದೆ ಉರಿಮಾಸದಲ್ಲಿ ಬದುಕಲಾಗದು. ಗಾಳಿಗೆ ಅದು ದಿನವೂ ಹರಿಯುತ್ತದೆ. ಬಿಸಿಲಿನಲ್ಲಿ ಅದನ್ನು ಮುಟ್ಟಲಾಗದು, ಆದ್ದರಿಂದ ಆ ಊರಿನ ರಾತ್ರಿಯಲ್ಲೇ ಹೊಲಿಯಬೇಕು. ಬಟ್ಟೆಯ ಮೇಲೆ ಓಡಾಡುವ ಚಿಕ್ಕ ಯಂತ್ರಕ್ಕೆ ದೂರಗೈ ಎನ್ನುತ್ತೇವೆ. ಭೂಮಿಯ ಆಚೆ ಬದಿಯಲ್ಲಿ ಹಗಲು ಇರುವ ಮನೆಯೊಂದರಲ್ಲಿ ಹೆಂಗಸೊಬ್ಬಳು ಕೈಗವಸು ತೊಟ್ಟು ಬೆರಳಾಡಿಸಿದರೆ ಇಲ್ಲಿ ದೂರಗೈ ಹೊಲಿಯುತ್ತದೆ. ಕಲಬುರಗಿಯ ನೆರಳನ್ನು ಚಿಲಿ ದೇಶದ ದಕ್ಷಿಣದ ತುದಿಯವರು ಹೊಲಿಯುತ್ತಾರೆ. ಆ ಕಡೆಯ ಊರುಗಳ ನೆರಳನ್ನು ಗುಳೇದಗುಡ್ಡದವರು ಹೊಲಿಯುತ್ತೇವೆ. ಕೌದಿ ಹೊಲಿಯುತ್ತಿದ್ದ ನಮ್ಮ ಮುತ್ತಜ್ಜಿಯರ ಟಾಕೇ, ಅವರ ಕೈಹೊಲಿಗೆಯೇ, ಈಗ ಹತ್ತು ದೇಶಗಳಲ್ಲಿ ಓಡುತ್ತಿದೆ. ಈ ಎಲ್ಲರೂ ಸೇರಿದ್ದೇ ಹೊಲಿಗೆಮನೆ. ಇದರಲ್ಲಿ ಬಟ್ಟೆಯ ಮೇಲೆ ಕೈ ಇಡದೆ ಕೂರುವ ಹಕ್ಕು ಒಬ್ಬಳಿಗೆ ಮಾತ್ರ. ಅವಳು ಹಿರಿಯಳು. ಅವಳು ಕೇಳುಮಣೆಯ ಮೇಲೆ ಕೂತು ಎಲ್ಲರ ಹೊತ್ತು ಕೇಳುತ್ತಾಳೆ.

ಹೊತ್ತು ಒಪ್ಪಿಸುವುದು ನಮ್ಮ ಮನೆಯ ಪದ್ಧತಿ. ಒಂದು ದೇಶದಲ್ಲಿ ಸಂಜೆಯಾದಾಗ ಅಲ್ಲಿಯವರು ಬೆಳಗಾಗುತ್ತಿರುವ ದೇಶದವರಿಗೆ ದೂರಗೈಯ ಜಾಲದಲ್ಲೇ ಕೂಗಿ, ತಾವು ಎಷ್ಟು ಹೊತ್ತು ಹೊಲಿದೆವೆಂದು ಬಾಯಿಂದ ಹೇಳಬೇಕು. ಗಡಿಯಾರದ ಲೆಕ್ಕ ನಡೆಯದು; ದೇಶಕ್ಕೊಂದು ಗಡಿಯಾರವಿರುವಾಗ ಅದನ್ನು ನಂಬುವವರಾರು? ತಂತಮ್ಮ ಮನೆಯಲ್ಲಿ ನಡೆದದ್ದರಿಂದಲೇ ಅಳೆದು ಹೇಳಬೇಕು. ಕೇಳಿಸಿಕೊಂಡವರು ‘ಹೊತ್ತು ಮುಟ್ಟಿತು’ ಎಂದರೆ ಮುಗಿಯಿತು. ನಾನು ಕೇಳುತ್ತ ಮನಸ್ಸಿನಲ್ಲೇ ಅದನ್ನು ತೂಗಿ ಕೂಲಿಗೆ ಬರೆಸುತ್ತಿದ್ದೆ.

ಆ ಬೆಳಗುಗಳ ನೆನಪಾದರೆ ಈಗಲೂ ಕಿವಿ ತಂಪಾಗುತ್ತದೆ. ಚಿಲಿಯ ಕೊಯಾಯ್ಕೆ ಎಂಬ ಚಳಿಯ ಊರಿನಲ್ಲಿ ಎಲ್ವೀರಾ, ರೊಸಾಲ್ಬಾ ಎಂಬ ಅಕ್ಕತಂಗಿಯರಿದ್ದಾರೆ. ಹೊತ್ತು ಒಪ್ಪಿಸುತ್ತ ಒಪ್ಪಿಸುತ್ತಲೇ ನಮ್ಮ ಮಾತು ಕಲಿತರು. ಇಲ್ಲಿ ನಾವು ಕಸ ಹೊಡೆಯುವ ಹೊತ್ತಿಗೆ ಅಲ್ಲಿಂದ ತಂಗಿ ರೊಸಾಲ್ಬಾಳ ದನಿ ಬರುತ್ತಿತ್ತು, ಹಿಂದೆ ತಗಡಿನ ಮೇಲೆ ಮಳೆಯ ಸದ್ದು.

“ಎವ್ವಾ, ಒಲಿಮ್ಯಾಲ ಕೆಟಲಿ ಇಟ್ಟಾಗ ಕುಂತಾಕಿ. ಕುರಿ ಮನಿಗೆ ಬಂದು, ಒಂದು ಕಮ್ಮಿ ಐತಂತ ಗಂಡ ನನ್ನ ಬೈದು, ತಾನ ಹೋಗಿ ಹುಡುಕ್ಕೊಂಡ ಬಂದ. ಅಲ್ಲೀತನಾ ಎದ್ದಿಲ್ಲ.”

ನಮ್ಮ ಓಣಿಯ ಕಾಶವ್ವ ಸುಮ್ಮನಿರುವವಳಲ್ಲ. “ಗಂಡ ಬೈದದ್ದೂ ಹೊತ್ತಿನ್ಯಾಗ ಹಿಡೀಬೇಕೇನ?”

“ಬೈಸ್ಕೋತಾನ ಹೊಲದೀನಿ. ಹಿಡಿ!”

ಹೀಗೆ ಯಾವ ಮನೆಯಲ್ಲಿ ಕುರಿ ಮರಿ ಹಾಕಿತು, ಯಾರ ಅತ್ತೆ ಹಾಸಿಗೆ ಹಿಡಿದಳು, ಯಾರ ಮಗು ಹೆಜ್ಜೆ ಇಟ್ಟಿತು ಎಂಬುದೆಲ್ಲ ಹೊತ್ತಿನ ಜೊತೆಗೇ ಬರುತ್ತಿತ್ತು. ಆ ಮನೆಗಳಲ್ಲಿ ಒಂದನ್ನೂ ನಾನು ನೋಡಿಲ್ಲ. ಆದರೂ ಕತ್ತಲಲ್ಲಿ ಬಿಟ್ಟರೆ ಅವರ ಒಲೆ ಎಲ್ಲಿದೆಯೆಂದು ಹುಡುಕಬಲ್ಲೆ.

ಹೋದ ಚೈತ್ರಕ್ಕೆ ನೆರಳು ಮಂಡಳಿಯಿಂದ ಆಜ್ಞೆ ಬಂತು. ಊರುಗಳ ಬಟ್ಟೆಯೆಲ್ಲ ಮಂಡಳಿಯದೇ, ಅವರ ಮಾತು ಮೀರುವಂತಿಲ್ಲ. ಬಾಯಿಮಾತಿನ ಹೊತ್ತು ಇನ್ನು ಬೇಡ, ಎಲ್ಲ ಕೈಗವಸುಗಳಲ್ಲೂ ತಾನೆಣಿಕೆ ಇರಬೇಕು ಎಂದರು. ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಅಂಗುಸ್ತಾನದಷ್ಟೇ ಇರುವ ಯಂತ್ರ ಅದು. ಯಾರ ಕೈ ಎಂದು ನಾಡಿಯಿಂದ ಗುರುತಿಸುತ್ತದೆ, ಕೈ ಆಡಿದಷ್ಟು ಹೊತ್ತು ತಾನೇ ಎಣಿಸುತ್ತದೆ. ಒಂದು ಹೆಸರಿಗೆ ಒಂದೇ ಕೈ ಎಂಬುದು ಮಂಡಳಿಯ ಹಳೆಯ ನಿಯಮ. ಅದನ್ನು ಮುರಿದವರ ಹೆಸರು ತೆಗೆಯಬೇಕು.

ನಾನು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಸುಳ್ಳು ಹೇಳುವವರಿಲ್ಲ ಎಂದೆ. ದಾನಮ್ಮ ಬಾಗಿಲ ಹತ್ತಿರವೇ ನಿಂತು, “ಸುಳ್ಳ ಇಲ್ಲಂದ್ರ ಅಂಜಿಕಿ ಯಾಕ್ರಿ ಅತ್ತಿ?” ಎಂದಳು. ನಾನು ನೋಡಿದ ನೋಟಕ್ಕೆ ಬೇರೆಯವರಾಗಿದ್ದರೆ ಹೊರಗೆ ಹೋಗುತ್ತಿದ್ದರು. ಅವಳು ಹೋಗಲಿಲ್ಲ. “ನೀವು ಕಿವೀಲೆ ಅಳೀತೀರಿ. ನಿಮ್ಮ ಕಿವಿ ಮಂದ ಆದ ದಿನ ಯಾರ ಕಿವಿ ತರೂಣು?” ಎಂದಳು. ಮಾತು ಸರಿಯಾಗಿತ್ತು. ತಾನೆಣಿಕೆ ಹಾಕಿಸಿದೆ.

ಯಂತ್ರ ಎಣಿಸಿ ತಂದದ್ದನ್ನು ನಿಮಗೆ ನೇರವಾಗಿ ಹೇಳುತ್ತೇನೆ, ಏಕೆಂದರೆ ಯಂತ್ರವನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ನಮ್ಮವರಲ್ಲಿ ಒಬ್ಬರೂ ಹೊತ್ತನ್ನು ಹೆಚ್ಚಿಗೆ ಹೇಳಿರಲಿಲ್ಲ. ಎಲ್ಲರೂ ಕಡಿಮೆ ಹೇಳಿದ್ದರು. ತಾನೇ ತಪ್ಪು ಟಾಕು ಹಾಕಿ ತಾನೇ ಬಿಚ್ಚಿದ ಹೊತ್ತನ್ನು ಒಪ್ಪಿಸುವುದು ನಾಚಿಕೆಯೆಂದು ಮೊದಲ ಹಿರಿಯಳ ಕಾಲದಿಂದ ಬಂದಿದೆ. ಬಿಚ್ಚಿದ್ದನ್ನೆಲ್ಲ ನುಂಗಿಕೊಂಡು ಹೆಂಗಸರು ದುಡಿಯುತ್ತಿದ್ದರು. ಯಂತ್ರಕ್ಕೆ ನಾಚಿಕೆಯಿಲ್ಲ, ಅದು ಬಿಚ್ಚಿದ್ದನ್ನೂ ಎಣಿಸಿತು. ಕಾಶವ್ವ ಆ ತಿಂಗಳು ಯಂತ್ರಕ್ಕೆ ಕುಂಕುಮ ಹಚ್ಚಿದಳು.

ಆದರೆ ಮನೆ ಮೂಕವಾಯಿತು. ಯಾರೂ ಹೊತ್ತು ಹೇಳಬೇಕಾಗಿಲ್ಲವಾದ್ದರಿಂದ ಯಾರೂ ಕೂಗಲಿಲ್ಲ. ಬೆಳಿಗ್ಗೆ ಕೇಳುಮಣೆಯ ಮೇಲೆ ಕೂತರೆ ಕಸಬರಿಗೆಯ ಸದ್ದು ಮಾತ್ರ. ಕೊಯಾಯ್ಕೆಯಲ್ಲಿ ಮಳೆ ಬಂತೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ದಾನಮ್ಮ ಬಂದು, “ಅತ್ತಿ, ಕುಂದರ್ರಿ” ಎಂದಳು. “ಕುಂತ ಅದೀನಿ, ಹೇಳು” ಎಂದೆ. ಅವಳ ಮುಖ ಚಿಕ್ಕದಾಗಿತ್ತು. ಎಲ್ವೀರಾಳ ಹೆಸರಿನಲ್ಲಿ ಎಲ್ವೀರಾಳ ಕೈ ಇಲ್ಲವೆಂದು ತಾನೆಣಿಕೆ ತೋರಿಸಿತ್ತು. ಎರಡು ಹೆಸರಿಗೂ ರೊಸಾಲ್ಬಾಳದೇ ಕೈ. ಇಬ್ಬರನ್ನೂ ಮನೆಯಿಂದ ತೆಗೆಯಲು ಮಂಡಳಿ ಹೇಳಿ ಕಳಿಸಿತ್ತು.

ಇದು ನನಗೆ ಹೊಸ ಸುದ್ದಿಯಲ್ಲ. ಎಲ್ವೀರಾ ಹೊತ್ತು ಒಪ್ಪಿಸುವಾಗ ಅವಳ ಬಟ್ಟಲು ತಟ್ಟೆಗೆ ತಗುಲಿ ನಡುಗುವುದು ಕೇಳಿಸುತ್ತಿತ್ತು. ಹಾಗೆ ನಡುಗುವ ಕೈ ಸೂಜಿ ಹಿಡಿಯಲಾರದು. ಅವಳು ಮಾತಾಡುವಾಗಲೂ ಬೆನ್ನ ಹಿಂದೆ ತಂಗಿಯ ಕೈಗವಸಿನ ಟಿಕ್ ಟಿಕ್ ನಡೆದೇ ಇರುತ್ತಿತ್ತು. ಕೆಲಸ ಪೂರ್ತಿ ಬರುತ್ತಿತ್ತು, ಟಾಕು ಗಟ್ಟಿಯಿತ್ತು. ಕೇಳಿ, ತಿಳಿದೇ, ‘ಹೊತ್ತು ಮುಟ್ಟಿತು’ ಎನ್ನಿಸುತ್ತಿದ್ದೆ. ಕೇಳುವವರು ಇರುವುದೇ ಇದಕ್ಕೆ.

ಅಂದು ಸಂಜೆ ರೊಸಾಲ್ಬಾಗೆ ನಾನೇ ಕೂಗಿದೆ. ಅಲ್ಲಿ ಬೆಳಗಾಗಿತ್ತು. ಅವಳು ಅಳಲಿಲ್ಲ. “ನನ್ನ ತಗೀ ಎವ್ವಾ, ಅಕ್ಕನ್ನ ತಗೀಬ್ಯಾಡ” ಎಂದಳು. “ಕೈ ಹ್ವಾದ ಮ್ಯಾಲ ಆಕಿ ಹಾಸಿಗಿ ಬಿಟ್ಟ ಏಳತಿದ್ದಿದ್ದು ನಿಮಗ ಹೊತ್ತು ಹೇಳಾಕ. ದಿನಾ ತಲಿ ಬಾಚ್ಕೊಂಡ ಕುಂದರ್ತಿದ್ಲು. ಈಗ ಯಾಕ ಏಳಲಿ ಅಂತ ಕೇಳತಾಳ. ನಾ ಏನ ಹೇಳಲಿ?”

ಮಣೆಯ ಅಂಚನ್ನು ಸವರುತ್ತ ಕೂತಿದ್ದೆ. ಐದು ಜನ ಹೆಂಗಸರು ಕೂತು ಕೂತು ಅದು ನಡುವೆ ತಗ್ಗಾಗಿದೆ. ಬೆರಳು ಆ ತಗ್ಗಿಗೆ ಬಂದಾಗ ಉತ್ತರ ಸಿಕ್ಕಿತು.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಯಂತ್ರ ಇಟ್ಟುಕೊಳ್ಳಿ. ಅದು ನಿಮ್ಮ ಹೆಂಗಸರು ನುಂಗಿಕೊಂಡ ಹೊತ್ತನ್ನು ಹೊರಗೆ ತೆಗೆಯುತ್ತದೆ. ಆದರೆ ಹೇಳುವ ಅಗತ್ಯವಿಲ್ಲ ಎಂಬ ಆ ಒಂದು ಸಾಲನ್ನು ಹೊಡೆದುಹಾಕಿ. ದೂರದಲ್ಲಿ ಕೂತು ದುಡಿಯುವವರಿಗೆ ದಿನಕ್ಕೊಮ್ಮೆ ತಮ್ಮ ದಿನವನ್ನು ಹೇಳಲು ಒಬ್ಬರು ಬೇಕು.

ಮಂಡಳಿಗೆ ನಾನು ಹೀಗೆ ಬರೆದೆ: ಅವರು ಒಪ್ಪಿಸಿದರು, ತಿಳಿದೂ ಒಪ್ಪಿಸಿಕೊಂಡವಳು ನಾನು. ನಿಮ್ಮ ನಿಯಮಕ್ಕೆ ಒಬ್ಬರು ಇಳಿಯಬೇಕಾದರೆ ಮಣೆಯಿಂದ ನಾನೇ ಇಳಿದಿದ್ದೇನೆ. ಕೈ ಇಡದೆ ಕೂರುವ ಹಕ್ಕು ನಮ್ಮ ಮನೆಯಲ್ಲಿ ಒಬ್ಬಳಿಗಿದೆ, ಅದು ಇನ್ನು ಮುಂದೆ ಎಲ್ವೀರಾಳದು; ಯಂತ್ರ ಎಣಿಸಲಿ, ಅವಳು ಕೇಳುತ್ತಾಳೆ. ರೊಸಾಲ್ಬಾ ತನ್ನ ಹೆಸರಿನಲ್ಲಿ ತನ್ನ ಕೈಯಿಂದ ಹೊಲಿಯುತ್ತಾಳೆ. ಖಾಲಿಯಾದ ಜಾಗಕ್ಕೆ ನನ್ನ ಹೆಸರಿನಲ್ಲಿ ನನ್ನ ಕೈ ಬಂದಿದೆ, ನಾಡಿ ನೋಡಿಕೊಳ್ಳಿ.

ಕೇಳುಮಣೆಯನ್ನು ಹಳೆಯ ಕೌದಿಯಲ್ಲಿ ಸುತ್ತಿ ದಾನಮ್ಮನೇ ಹಡಗಿಗೆ ಹಾಕಿಸಿ ಬಂದಳು. ದಾರಿಯುದ್ದಕ್ಕೂ ಅತ್ತಳಂತೆ, ನನ್ನ ಮುಂದೆ ಅಳಲಿಲ್ಲ. ಮರುದಿನ ಬೆಳಿಗ್ಗೆ ಕೈಗವಸು ತೊಟ್ಟು ಕಾಶವ್ವನ ಪಕ್ಕದಲ್ಲಿ ಕೂತೆ. ಬೆರಳು ಮಾತು ಕೇಳಲಿಲ್ಲ. ಹಾಕಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಸಂಜೆ ಕೊಯಾಯ್ಕೆಗೆ ಕೂಗಿದಾಗ ಎಲ್ವೀರಾ ಎದ್ದು, ತಲೆ ಬಾಚಿಕೊಂಡು ಕೂತಿದ್ದಳಂತೆ. ರೊಟ್ಟಿ ಬಡಿಯುವಾಗ ಕೂತೆ, ದನ ಬರುವಾಗ ಎದ್ದೆ ಎಂದು ಒಪ್ಪಿಸಿದೆ.

“ಬಿಚ್ಚಿದ್ದು ಎಷ್ಟ ಎವ್ವಾ?” ಎಂದಳು.

“ಅದನ್ನ ಯಂತ್ರಕ್ಕ ಕೇಳು” ಎಂದೆ.

ಅವಳು ಗಟ್ಟಿಯಾಗಿ ನಕ್ಕಳು, ಬಟ್ಟಲು ತಟ್ಟೆಗೆ ತಗುಲಿತು. ಆಮೇಲೆ ‘ಹೊತ್ತು ಮುಟ್ಟಿತು’ ಎಂದಳು.